ಗಂಟಲ ಕಾವಲು

"ಒಡೆದ ಮಡಕೆಗೆ ತಾನಂತೂ ನೀರು ಹಿಡಿಯೋಕಾಗಲ್ಲ, ಪಕ್ಕದ ಮಡಕೇಲಿ ನೀರು ಕಂಡ್ರೆ ಹೊಟ್ಟೆ ಉರಿ," ಎಂದ ತಂಡದ ಯಜಮಾನ. ಹೇಳಿದ್ದಾದರೂ ಹೇಗೆ, ಮೈಕಿನಲ್ಲಿ.

ಮೈಕಿನಲ್ಲಿ ಆಡಿದ ಮಾತಿಗೆ ಗುಟ್ಟೆಲ್ಲಿ? ಡ್ರಮ್ಮಿನವನು ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಕ್ಕ. ಕೀಬೋರ್ಡಿನವನು ನಗು ತಡೆಯಲು ತಲೆ ತಗ್ಗಿಸಿದ. ತಗ್ಗಿಸಿದ ಭರಕ್ಕೆ ಮೊಣಕೈ ಕೀಬೋರ್ಡಿನ ಮನೆಗಳ ಮೇಲೆ ಊರಿ ಅದೂ ಪೊಂಯ್ ಎಂದಿತು. ಅಭ್ಯಾಸದ ಕೋಣೆ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಪಂಕ್ಚರ್ ಹಾಕಿಸಲು ನಿಂತವರೂ ತಲೆಯೆತ್ತಿ ನೋಡಿರಬೇಕು.

ಮಾತು ಬಿದ್ದದ್ದು ಸೌಂಡ್ ಬೋರ್ಡಿನ ಹಿಂದೆ ಹೆಡ್‌ಫೋನ್ ಹಾಕಿಕೊಂಡು ಕೂತವನ ಮೇಲೆ. ತಂಡದಲ್ಲಿ ಅವನನ್ನು ಉಪ್ಪುಕಾಗದ ಎಂದು ಕರೆಯುತ್ತಿದ್ದರು. ಒಂದು ಕಾಲಕ್ಕೆ ಇದೇ ತಂಡದ ಮುಖ್ಯ ಹಾಡುಗಾರ ಅವನು. ಈಗ ಬಾಯಿ ತೆರೆದರೆ ಬಡಗಿ ಹಲಗೆಗೆ ಉಪ್ಪುಕಾಗದ ಉಜ್ಜಿದ ಸದ್ದು. ಹಾಡುವ ಜಾಗದಿಂದ ಅವನನ್ನು ಎಬ್ಬಿಸಿ ಬೋರ್ಡಿನ ಹಿಂದೆ ಕೂರಿಸಿದ್ದು ಯಜಮಾನನೇ. ಕೂರಿಸಿದ್ದನ್ನು ಉಪಕಾರ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ.

ಇವತ್ತು ಉಪ್ಪುಕಾಗದ ಮಾಡಿದ ಅಪರಾಧ ಇಷ್ಟು: ಹಾಡುತ್ತಿದ್ದವಳ ಮೈಕನ್ನು ನಡುವೆ ಆರಿಸಿದ್ದ. ಹಾಡುತ್ತಿದ್ದವಳು ಅವನ ತಂಗಿ. ಇನ್ನೂ ಹದಿನೆಂಟು ತುಂಬಿಲ್ಲದ ಅವಳನ್ನು ಅವನು ಗುಬ್ಬಿ ಎಂದು ಕರೆಯುತ್ತಿದ್ದ. ಹಾಡಿನ ಮೇಲಿನ ಸಾಲಿಗೆ ಏರುವಾಗ ಗುಬ್ಬಿಯ ಕತ್ತಿನ ನರ ಉಬ್ಬಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಸ್ವರದ ಅಂಚಿನಲ್ಲಿ ಸಣ್ಣಗೆ ನೂಲು ಹರಿಯುವ ಸದ್ದು ಹೆಡ್‌ಫೋನಿನಲ್ಲಿ ಕೇಳಿಸಿತ್ತು. "ಶ್ರುತಿ ಇಳಿಸಿ, ಇವಳಿಗೆ ಇದು ಮೇಲಾಯ್ತು," ಎಂದಿದ್ದ.

"ಶ್ರುತಿ ಇಳಿಸಿದ್ರೆ ಹಾಡಲ್ಲಿ ಏನೋ ಉಳಿಯುತ್ತೆ?" ಯಜಮಾನ ಇನ್ನೂ ಮೈಕು ಬಿಟ್ಟಿರಲಿಲ್ಲ. "ಜನ ಕಾಯೋದೇ ಆ ಮೇಲಿನ ಸಾಲಿಗೆ. ನೀನೂ ಅಲ್ಲೇ ನಿಂತು ಚಪ್ಪಾಳೆ ತಗೊಂಡವನು. ನಿನ್ನ ಗಂಟಲು ಸತ್ತುಹೋಯ್ತು, ಸರಿ. ಸತ್ತಿದ್ದನ್ನ ಹೂತು ಸುಮ್ಮನಿರೋದು ಬಿಟ್ಟು ತಂಗಿ ಗಂಟಲಿಗೂ ಗುಂಡಿ ತೋಡ್ತಿದ್ದೀಯಲ್ಲ! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

ಮಾತಿಗೆ ಮಾತು ಕೊಡದೆ ಬಿಟ್ಟವನಲ್ಲ ಉಪ್ಪುಕಾಗದ. ಏಳನೇ ತರಗತಿಯಲ್ಲಿ ಅವನ ಓದು ಮುಗಿದದ್ದೂ ಮೇಷ್ಟರಿಗೆ ಕೊಟ್ಟ ಒಂದು ಎದುರುತ್ತರದಿಂದ. ಹೆಡ್‌ಫೋನ್ ಕಿತ್ತು ಕತ್ತಿಗೆ ಇಳಿಬಿಟ್ಟುಕೊಂಡು ಎದ್ದು ನಿಂತ.

"ಗುಂಡಿ ತೋಡಿದ್ದು ಯಾರು ಅಂತ ಇಲ್ಲಿರೋರಿಗೆಲ್ಲ ಗೊತ್ತು ಯಜಮಾನ್ರೇ. ಜ್ವರದಲ್ಲಿ ಬೇಯ್ತಿದ್ದವನ ಬಾಯಿ ತೆಗೆಸಿ ಸ್ಪ್ರೇ ಹೊಡೆದ ಕೈ ಯಾವುದು? ಅದೇ ಕೈ ತಾನೇ ಈಗ ಮೈಕ್ ಹಿಡ್ಕೊಂಡು ಮಡಕೆ ಕಥೆ ಹೇಳ್ತಿರೋದು?"

"ಲೋ, ನಾಲಿಗೆ ಬಿಗಿ ಹಿಡಿ!"

"ಹಿಡಿಯೋಕೆ ಅದೊಂದೇ ಉಳಿದಿರೋದು. ಮಿಕ್ಕಿದ್ದೆಲ್ಲ ನೀವು ನುಂಗಿ ನೀರು ಕುಡಿದಾಯ್ತು."

ಯಜಮಾನ ಕೂಗಿದ. ಇವನೂ ಕೂಗಿದ. ಒಬ್ಬರದು ಒಬ್ಬರಿಗೆ ಕೇಳದಷ್ಟು ಗದ್ದಲವಾಯಿತು. ಇಬ್ಬರ ನಡುವೆ ನಿಂತಿದ್ದ ಗುಬ್ಬಿ ಎರಡೂ ಕೈ ಕಿವಿಗೆ ಒತ್ತಿಕೊಂಡು, "ಅಣ್ಣಾ, ಸಾಕು! ಸಾಕು ಅಂದೆ!" ಎಂದು ಕಿರುಚಿದಳು.

ಎರಡನೆಯ "ಸಾಕು" ಅರ್ಧಕ್ಕೇ ಮುರಿಯಿತು. ಬಾಯಿ ತೆರೆದೇ ಇತ್ತು, ತುಟಿ ಅಲ್ಲಾಡುತ್ತಿತ್ತು. ಬಂದದ್ದು ಸ್ವರವಲ್ಲ, ಬರೀ ಗಾಳಿ.

ಗುಬ್ಬಿ ಗಂಟಲು ಹಿಡಿದುಕೊಂಡು ಅಣ್ಣನ ಕಡೆ ನೋಡಿದಳು. ಡ್ರಮ್ಮಿನವನು ಕೋಲುಗಳನ್ನು ಮೆಲ್ಲಗೆ ಕೆಳಗಿಟ್ಟ.

ಆ ಗಾಳಿಯ ಪರಿಚಯ ಉಪ್ಪುಕಾಗದನಿಗಿತ್ತು. ಅವನ ಗಂಟಲಿಗೂ ಮೊದಲು ಬಂದದ್ದು ಅದೇ. ತಂಡದ ವರ್ಷದ ದೊಡ್ಡ ಕಾರ್ಯಕ್ರಮದ ದಿನ ಅವನಿಗೆ ಜ್ವರ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಪರದೆಯ ಹಿಂದೆ ಯಜಮಾನ ಅವನ ಗದ್ದ ಎತ್ತಿ ಹಿಡಿದು ಗಂಟಲು ಮರಗಟ್ಟಿಸುವ ಸ್ಪ್ರೇ ಹೊಡೆದ. ನೋವು ಮಾಯವಾಯಿತು. ನೋವು ಎಂದರೆ ಗಂಟಲಿನ ಕಾವಲುಗಾರ. ಅವನ ಬಾಯಿಗೇ ಬಟ್ಟೆ ತುರುಕಿದ ಮೇಲೆ ಮನೆಗೆ ಕಳ್ಳ ನುಗ್ಗಿದರೆ ಕೂಗುವವರು ಯಾರು? ಜನ ಒನ್ಸ್ ಮೋರ್ ಎಂದರು, ಇವನು ಮೇಲಿನ ಸಾಲನ್ನು ಮತ್ತೆ ಹಾಡಿದ, ಮತ್ತೂ ಹಾಡಿದ. ಜನ ಚಪ್ಪಾಳೆ ಹೊಡೆದು ಕೈ ಒರೆಸಿಕೊಂಡು ಮನೆಗೆ ಹೋದರು. ಬೆಳಿಗ್ಗೆ ಎದ್ದು ಅಮ್ಮನನ್ನು ಕರೆದಾಗ ಬಾಯಿಂದ ಬಂದದ್ದು ಗಾಳಿ. ಗಾಳಿ ಹೋಗಿ ಮಾತು ಬರುವ ಹೊತ್ತಿಗೆ ಅದು ಉಪ್ಪುಕಾಗದವಾಗಿತ್ತು.

ಎಲ್ಲ ಪಾಪವನ್ನೂ ಯಜಮಾನನ ತಲೆಗೇ ಕಟ್ಟುವುದು ಅವನಿಗೆ ಇಷ್ಟವೇನೋ ಹೌದು. ಆದರೆ ಅರ್ಧ ಪಾಪ ಮನೆಯದು ಎಂಬುದು ಮೆಲ್ಲಮೆಲ್ಲಗೆ ತಿಳಿಯಿತು. ಅಮ್ಮ ವಯಸ್ಸಿಗೆ ಬಂದಾಗಿನಿಂದ ನೇಯ್ಗೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡವಳು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿ ಉಳಿಯುವುದುಂಟೇ? ಅವಳ ಕಿವಿ ಕೆಡುತ್ತ ಕೆಡುತ್ತ ಮನೆಯವರ ದನಿ ಏರುತ್ತ ಹೋಯಿತು. ಆ ಮನೆಯಲ್ಲಿ ಯಾರೂ ಮಾತಾಡುತ್ತಲೇ ಇರಲಿಲ್ಲ, ಕೂಗುತ್ತಿದ್ದರು. 'ಉಪ್ಪು ಕೊಡು' ಎಂದರೂ ಬೀದಿಗೆ ಕೇಳುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದ ಕೆಳಮನೆಯವಳು ಒಮ್ಮೆ ಜಗಳ ಬಿಡಿಸಲು ಓಡಿ ಬಂದು ನೋಡಿದರೆ, ತಾಯಿ ಮಕ್ಕಳು ನಗುನಗುತ್ತ ಊಟ ಮಾಡುತ್ತಿದ್ದರು.

ಹೀಗೆ ಹಗಲೆಲ್ಲ ಅಡುಗೆಮನೆಯಲ್ಲಿ ಕೂಗಿ ಸಂಜೆ ವೇದಿಕೆಯಲ್ಲಿ ಹಾಡಿದ ಗಂಟಲು ಅವನದು. ಹೋದ ಮೇಲೆ ಬುದ್ಧಿ ಬಂತು. ತಂಗಿ ಹಾಡುತ್ತೇನೆ ಎಂದಾಗ ಆ ಬುದ್ಧಿಯನ್ನೆಲ್ಲ ಅವಳ ಗಂಟಲಿಗೆ ಕಾವಲಿಟ್ಟ.

ಕಾವಲೆಂದರೆ ಅಂಥಿಂಥ ಕಾವಲಲ್ಲ. ಗುಬ್ಬಿ ಖಾಕರಿಸುವ ಹಾಗಿಲ್ಲ. ಗಂಟಲಲ್ಲಿ ಏನೋ ಸಿಕ್ಕಿದಂತಾದರೆ ಒಂದು ಗುಟುಕು ನೀರು ಕುಡಿದು ನುಂಗಬೇಕು. ಬಸ್ಸಿನಲ್ಲಿ ಇಂಜಿನ್ನಿನ ಸದ್ದು ಮೀರಿಸಿ ಮಾತಾಡುವ ಹಾಗಿಲ್ಲ. ಪಿಸುಗುಟ್ಟುವುದಂತೂ ಕೂಗುವುದಕ್ಕಿಂತ ಕೇಡು. ಗಂಟಲನ್ನು ಉಳಿಸುತ್ತಿದ್ದೇವೆ ಎಂದುಕೊಂಡು ಪಿಸುಗುಟ್ಟುವವರು ಒಣಬಟ್ಟೆಯನ್ನು ಹಿಂಡುವವರಂತೆ. ಬೆಳಿಗ್ಗೆ ಹಾಡಿಗೆ ಮೊದಲು ಸ್ಟೀಲ್ ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಒಂದು ಸ್ಟ್ರಾ. ಸ್ಟ್ರಾ ಕಚ್ಚಿಕೊಂಡು ಮೆಲ್ಲಗೆ ಸ್ವರ ಹಿಡಿದರೆ ನೀರು ಬುಳುಬುಳು ಎನ್ನಬೇಕು, ಎದ್ದು ಚಿಮ್ಮಬಾರದು. ಚಿಮ್ಮಿದರೆ ಗಂಟಲು ಜೋರು ಮಾಡುತ್ತಿದೆ ಎಂದು ಲೆಕ್ಕ.

"ಎಮ್ಮೆ ಕೆರೆಗೆ ಬಿದ್ದ ಹಂಗಿದೆ," ಎಂದು ಅಮ್ಮ ಆ ಗುಳ್ಳೆಗಳನ್ನು ನೋಡಿ ನಗುತ್ತಿದ್ದಳು.

"ಈ ಎಮ್ಮೆ ನಾಳೆ ಊರನ್ನೇ ಕುಣಿಸುತ್ತೆ ನೋಡ್ತಿರು," ಎನ್ನುತ್ತಿದ್ದ ಅವನು, ಅಮ್ಮನ ಮುಖಕ್ಕೆ ನೇರವಾಗಿ ತಿರುಗಿ, ಸದ್ದಿಲ್ಲದೆ.

ಅಮ್ಮನಿಗೆ ಸದ್ದು ಬೇಕಿರಲಿಲ್ಲ, ಕನಿಷ್ಠ ಅರ್ಥಕ್ಕೆ ಬೇಕಿರಲಿಲ್ಲ. ಮಿಲ್ಲಿನ ಹೆಂಗಸರು ಮಗ್ಗದ ಆಚೆಯಿಂದ ಈಚೆಗೆ ಮಾತಾಡುತ್ತಿದ್ದದ್ದೇ ತುಟಿಯಲ್ಲಿ. ಅವಳು ಬೀದಿಯ ಆ ಬದಿಯಲ್ಲಿ ನಿಂತವರ ಚಾಡಿಯನ್ನೂ ಈ ಬದಿಯಿಂದ ಓದಬಲ್ಲಳು. ಇದು ನೆನಪಾದ ದಿನ ಅವನು ಮನೆಗೊಂದು ಕಟ್ಟಳೆ ಮಾಡಿದ: ಅಮ್ಮನ ಹತ್ತಿರ ಇನ್ನು ಮೇಲೆ ತುಟಿಯಲ್ಲೇ ಮಾತು. ಕರೆಯಬೇಕಾದರೆ ಭುಜ ಮುಟ್ಟು, ಇಲ್ಲವೇ ನೆಲಕ್ಕೆ ಕಾಲು ತಟ್ಟು. ಕೂಗಿದವರಿಗೆ ಊಟವಿಲ್ಲ.

ಮನೆ ನಿಶ್ಶಬ್ದವಾಯಿತು. ಕೆಳಮನೆಯವಳು, "ಏನ್ರೀ, ಎಲ್ಲ ಊರಿಗೆ ಹೋಗಿದ್ರಾ?" ಎಂದು ಕೇಳಿದಳು.

ಮೈಕಿನ ಜಗಳ ನಡೆದ ಮಾರನೆಯ ದಿನ ಅಣ್ಣ ತಂಗಿಯನ್ನು ಗಂಟಲಿನ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ಒಳಗಿನದನ್ನು ಪರದೆಯ ಮೇಲೆ ತೋರಿಸಿದಳು. ದನಿ ಹೊರಡಿಸುವ, ಮುತ್ತಿನ ಬಣ್ಣದ ಎರಡು ಪುಟ್ಟ ಪಟ್ಟಿಗಳು, ಎರಡರ ಅಂಚಿನಲ್ಲೂ ಕೆಂಪು ಊತ.

"ಹೊಸ ಚಪ್ಪಲಿ ಕಚ್ಚಿ ಕಾಲಲ್ಲಿ ಬೊಬ್ಬೆ ಏಳುತ್ತಲ್ಲ, ಹಾಗೇ ಇದು. ಬೊಬ್ಬೆ ಬಂದ ಮೇಲೂ ಓಡಿದ್ರೆ ಏನಾಗುತ್ತೆ?" ಎಂದಳು. "ಎರಡು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು. ಆಮೇಲೆ ನಿಧಾನಕ್ಕೆ ಶುರು ಮಾಡಿದ್ರೆ ಮೊದಲಿನ ಹಾಗಾಗುತ್ತೆ. ಅಷ್ಟರೊಳಗೆ ಹಾಡಿದ್ರೆ, ಕೂಗಿದ್ರೆ, ನನ್ನನ್ನ ಕೇಳ್ಬೇಡಿ." ಆಮೇಲೆ ಅವನ ದನಿ ಕೇಳಿ, "ನಿಮ್ಮದೂ ನೋಡ್ಲಾ?" ಎಂದಳು.

"ನಮ್ಮದು ಅಂಗಡಿ ಮುಚ್ಚಿ ಬೋರ್ಡ್ ಇಳಿಸಿ ಆಗಿದೆ ಡಾಕ್ಟ್ರೇ," ಎಂದ.

ಡಾಕ್ಟರಮ್ಮ ನಕ್ಕಳು. ಗುಬ್ಬಿ ನಗಲಿಲ್ಲ. ವರ್ಷದ ಕಾರ್ಯಕ್ರಮ ಆ ಎರಡು ವಾರದ ಒಳಗೇ ಇತ್ತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಅವನ ತೋಳು ಜಗ್ಗಿ ತುಟಿಯಲ್ಲಿ ಕೇಳಿದಳು: "ಕಾರ್ಯಕ್ರಮ?"

"ಮುಂದಿನ ವರ್ಷ ಇರುತ್ತೆ. ಗಂಟಲಿದ್ರೆ ನೂರು ಕಾರ್ಯಕ್ರಮ."

"ಅಮ್ಮ?" ಎಂದಳು ತುಟಿಯಲ್ಲೇ.

ಅವನು ಬಸ್ಸು ಬರುವ ದಾರಿಯ ಕಡೆ ಮುಖ ತಿರುಗಿಸಿದ. ವರ್ಷದ ಕಾರ್ಯಕ್ರಮಕ್ಕೆ ಅಮ್ಮ ತಪ್ಪದೆ ಬರುತ್ತಿದ್ದಳು. ಎಲ್ಲರೂ ನಡುವಿನ ಕುರ್ಚಿಗೆ ಹೊಡೆದಾಡಿದರೆ ಇವಳು ಹೋಗಿ ಮೂಲೆಯಲ್ಲಿ ದೊಡ್ಡ ಸ್ಪೀಕರಿನ ಪಕ್ಕ ಕೂರುತ್ತಿದ್ದಳು, ಅದರ ಮರದ ಮೇಲೆ ಒಂದು ಕೈ ಇಟ್ಟುಕೊಂಡು. ಅಷ್ಟು ಹತ್ತಿರ, ಅಷ್ಟು ಜೋರಿಗೆ ಅವಳ ಕಿವಿಯೊಳಗೆ ಇನ್ನೂ ಒಂದು ಬಾಗಿಲು ತೆರೆಯುತ್ತಿತ್ತು. ಮಗನ ಹಾಡನ್ನು ಅವಳು ಕೇಳಿದ್ದು ಅಲ್ಲಿಯೇ. ಮಗಳದು ಇನ್ನೂ ಕೇಳಿರಲಿಲ್ಲ. ಈ ವರ್ಷ ಗುಬ್ಬಿ ಮೊದಲ ಸಲ ಮುಂದೆ ನಿಂತು ಹಾಡಬೇಕಿತ್ತು. ಆ ಬಾಗಿಲೂ ಈಗ ಮುಚ್ಚುತ್ತ ಬಂದಿದೆ, ಮುಂದಿನ ವರ್ಷದ ಮಾತು ಕೊಡಲಾರೆ ಎಂದು ಕಿವಿಯ ಡಾಕ್ಟರು ಹೇಳಿದ್ದನ್ನು ಅಣ್ಣ ತಂಗಿ ಒಟ್ಟಿಗೇ ಕೇಳಿಸಿಕೊಂಡಿದ್ದರು. ಅಮ್ಮನೂ ಡಾಕ್ಟರ ತುಟಿಯಲ್ಲಿ ಅದನ್ನು ಓದಿ, ಓದದವಳ ಹಾಗೆ ಚೀಲ ಸರಿಮಾಡಿಕೊಂಡಿದ್ದಳು.

ಬಸ್ಸು ಬಂತು. ಇಬ್ಬರೂ ಹತ್ತಿದರು. ದಾರಿಯುದ್ದಕ್ಕೂ ಗುಬ್ಬಿ ಕಿಟಕಿಯ ಆಚೆ ನೋಡುತ್ತಿದ್ದಳು.

ಮೌನ ಶುರುವಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ಉಪ್ಪುಕಾಗದ ಮನೆಯಲ್ಲಿ ಮರೆತಿದ್ದ ಕೇಬಲ್ ತರಲು ಬಂದ. ಮೆಟ್ಟಿಲು ಅರ್ಧ ಹತ್ತಿದವನಿಗೆ ಮೇಲಿನಿಂದ ದನಿ ಕೇಳಿಸಿತು. ಗುಬ್ಬಿಯ ದನಿ. ಬಾಯಿ ಅಮ್ಮನ ಕಿವಿಗೆ ಇಟ್ಟು ಎದೆ ಬಿರಿಯುವಂತೆ ಕೂಗುತ್ತಿದ್ದಳು.

"ಡ್ರಮ್ಮಿನವನ ಕೋಲು ಕೈ ಜಾರಿ ಹಾರಿ ಹೋಯ್ತಮ್ಮ! ಹೋಗಿ ಎಲ್ಲಿ ಬಿತ್ತು ಹೇಳು? ಯಜಮಾನ್ರ ಬೋಳುತಲೆ ಮೇಲೆ! ಟಣ್ ಅಂತು! ಅವ್ರು ಏನಂದ್ರು ಗೊತ್ತಾ? ತಾಳ ತಪ್ತು ಕಣೋ ಅಂದ್ರು!"

ಅಮ್ಮ ನಕ್ಕಳು. ಹಳೆಯ ನಗು, ಮಿಲ್ಲಿನಿಂದ ಬರುವಾಗ ಗೆಳತಿಯರ ಜೊತೆ ನಗುತ್ತಿದ್ದ ಹಾಗೆ, ಹೊಟ್ಟೆ ಹಿಡಿದುಕೊಂಡು. ಕಟ್ಟಳೆ ಬಂದ ಮೇಲೆ ಆ ನಗುವನ್ನು ಅವನು ಕೇಳಿರಲಿಲ್ಲ.

ಒಂದೊಂದು ಮಾತಿಗೂ ಗುಬ್ಬಿಯ ದನಿ ಹಳೆಬಟ್ಟೆಯ ಹಾಗೆ ಪರಪರ ಎನ್ನುತ್ತಿತ್ತು. ಕೆಂಪು ಅಂಚಿನ ಆ ಎರಡು ಪಟ್ಟಿಗಳು ಅವನ ಕಣ್ಣಿಗೆ ಕಟ್ಟಿದ್ದವು. ನಾಲ್ಕು ಹೆಜ್ಜೆ ಓಡಿ ಬಾಗಿಲು ದೂಡಿದ್ದರೆ ಕೂಗು ನಿಲ್ಲುತ್ತಿತ್ತು. ನಗುವೂ ನಿಲ್ಲುತ್ತಿತ್ತು. ಅವನು ಮೆಟ್ಟಿಲ ಮೇಲೆ ಕುಳಿತ. ಮೈಯೆಲ್ಲ ಕೋಪ, ಯಾರ ಮೇಲೆ ಎಂದು ಕೇಳಿದರೆ ಹೇಳಲು ಒಂದು ಹೆಸರಿಲ್ಲ. ಕಥೆ ಮುಗಿಯುವ ತನಕ ಅಲ್ಲೇ ಹಲ್ಲು ಕಚ್ಚಿಕೊಂಡು ಕುಳಿತಿದ್ದು, ಆಮೇಲೆ ಒಳಗೆ ಹೋದ.

ಅವನನ್ನು ಕಂಡದ್ದೇ ಗುಬ್ಬಿ ಬಾಯಿ ಮುಚ್ಚಿಕೊಂಡಳು. ಬೇಕು ಎಂದು ಬಾಯಿ ಮುಚ್ಚಿದ್ದಲ್ಲ, ಕಳ್ಳಿ ಸಿಕ್ಕಿಬಿದ್ದ ಹಾಗೆ. ಅಮ್ಮ ಎದ್ದು ಇಬ್ಬರ ನಡುವೆ ನಿಂತಳು.

"ಅವಳನ್ನ ಬೈಬೇಡ. ನಾನೇ ಕೂಗು ಅಂದಿದ್ದು." ಅಮ್ಮನ ಮಾತೂ ಕೂಗೇ, ತನ್ನ ದನಿ ತನಗೆ ಕೇಳದವರು ಮಾತಾಡುವ ಹಾಗೆ.

"ತುಟಿ ನೋಡಿದ್ರೆ ನಿನಗೆ ತಿಳಿಯಲ್ವಾ ಅಮ್ಮ?" ಎಂದ ಅವನು, ಸದ್ದಿಲ್ಲದೆ.

"ಮಾತು ತಿಳಿಯುತ್ತೆ ಕಣೋ. ದನಿ ತಿಳಿಯುತ್ತಾ?" ಅಮ್ಮ ಅವನ ಅಂಗಿಯ ತೋಳು ಹಿಡಿದಳು. "ಗುಬ್ಬಿ ದನಿ ಊರಿಗೆಲ್ಲ ಕೇಳ್ಬೇಕು, ನನಗೊಬ್ಬಳಿಗೆ ಬೇಡ್ವಾ? ನಾಳೆ ಈ ಕಿವಿ ಪೂರ್ತಿ ಹೋದ ಮೇಲೆ, ನನ್ನ ಮಗಳು ಹೆಂಗೆ ಮಾತಾಡ್ತಿದ್ಲು ಅಂತ ನೆನೆಸ್ಕೊಳ್ಳೋಕೆ ನನ್ನ ಹತ್ರ ಏನಿರುತ್ತೆ?"

ಅವನು ಏನಾದರೂ ಮಾಡಬೇಕಲ್ಲ ಎಂದು ಅಮ್ಮನ ಅಂಗೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡು ಒಂದು ಸ್ವರ ಗುನುಗಿದ. "ಹೀಗೆ, ಕೈಯಲ್ಲೇ ಕೇಳಿಸ್ಕೋ. ಎರಡು ವಾರ ಕಳೀಲಿ, ಗುಬ್ಬಿ ದಿನಾ ಹೀಗೆ ಹಾಡ್ತಾಳೆ. ಗಂಟಲಿಗೂ ನೋವಿಲ್ಲ."

ಅಮ್ಮ ಕಣ್ಣು ಮುಚ್ಚಿ ಕೈಯಿಟ್ಟುಕೊಂಡು ನಿಂತಳು. ಒಂದು ಕ್ಷಣ ಮುಖ ಅರಳಿತು. ಆಮೇಲೆ ಕೈ ತೆಗೆದಳು.

"ನಿಂದು ನನಗೆ ಗೊತ್ತಲ್ಲೋ, ಅದಕ್ಕೇ ಕೈಗೂ ಕೇಳಿಸ್ತು. ಸ್ಪೀಕರ್ ಪಕ್ಕ ಕೂತು ಕೇಳಿದ್ದೀನಲ್ಲ. ನೀನು ತುಟಿ ಅಲ್ಲಾಡಿಸಿದ್ರೆ ಸಾಕು, ಒಳಗೆ ಆ ದನಿಯಲ್ಲೇ ಕೇಳಿಸುತ್ತೆ. ಅವಳದು ನಾನು ಸರಿಯಾಗಿ ಕೇಳಿಯೇ ಇಲ್ಲ. ಅವಳ ಎದೆ ಮೇಲೆ ಕೈಯಿಟ್ರೆ ಬರೀ ನಡುಕ."

ಅವನಿಗೆ ಆಗ ಹೊಳೆಯಿತು: ಊರಿಗೆಲ್ಲ ಅವನು ಉಪ್ಪುಕಾಗದ, ಅಮ್ಮನೊಬ್ಬಳಿಗೆ ಅಲ್ಲ. ಗಂಟಲು ಹೋದ ಮೇಲೆ ಅವಳ ಕಿವಿಗೆ ಮುಟ್ಟುವಷ್ಟು ಅವನು ಕೂಗಿಯೇ ಇಲ್ಲ, ಈ ಒರಟು ದನಿಯನ್ನು ಅವಳು ಒಮ್ಮೆಯೂ ಕೇಳಿಲ್ಲ. ಅವಳ ಲೆಕ್ಕದಲ್ಲಿ ಅವನ ಧ್ವನಿ ಹೋಗಿಯೇ ಇಲ್ಲ. ಅವನು ಕೇಬಲ್ ಹುಡುಕುವ ನೆಪದಲ್ಲಿ ಒಳಕೋಣೆಗೆ ಹೋಗಿ, ಗೋಡೆಗೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತ.

ಹೊರಗೆ ಬಂದು ತಂಗಿಗೆ ಇಷ್ಟೇ ಹೇಳಿದ: "ಗುಬ್ಬಿ, ಗಂಟಲು ನಿನ್ನದು. ಹೋದ್ರೆ ನೀನು ಅಳೋಕೂ ಆ ಗಂಟಲೇ ಬೇಕು. ನೆನಪಿಟ್ಕೋ."

ಅವಳು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ಅವನು ಅಲ್ಲಿಂದ ನೇರ ಯಜಮಾನನ ಬಳಿಗೆ ಹೋದ. ಯಜಮಾನ ಒಬ್ಬನೇ ಕೂತು ವೈರ್ ಸುತ್ತುತ್ತಿದ್ದ. ತಂಗಿ ಈ ಸಲ ಹಾಡುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದ. ಮಡಕೆಯ ಮಾತು ಮತ್ತೆ ಬರುತ್ತದೆ ಎಂದು ಮೈ ಬಿಗಿ ಮಾಡಿಕೊಂಡೇ ಹೇಳಿದ್ದು. ಯಜಮಾನ ಬಯ್ಯಲಿಲ್ಲ.

"ಅವಳನ್ನ ಕೇಳಿದ್ಯೇನೋ?" ಎಂದ.

"ಕೇಳೋದೇನಿದೆ? ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರು ಗಂಟಲಿಗೆ ಹೇಳಿದ್ದು. ನಾನು ಕೇಳಿದ್ದು ಅವಳನ್ನ."

ಯಜಮಾನನಿಗೆ ಹೊಂದುವ ಮಾತಲ್ಲ ಅದು. ಆದರೂ ಮುಳ್ಳಿನ ಹಾಗೆ ಚುಚ್ಚಿತು. ಯಜಮಾನನಿಗೆ ಹೀಗೆ ಹೇಳಿ ಬಂದದ್ದನ್ನು ತಂಗಿಗೆ ತಾನೇ ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡ. ಅಮ್ಮನ ಮುಖ ನೋಡಿದಾಗಲೆಲ್ಲ ಮತ್ತೆ ಮುಂದೂಡಿದ. ಜಗತ್ತಿಗೆಲ್ಲ ಪಟಪಟ ಉತ್ತರ ಕೊಡುವವನಿಗೆ ಮನೆಯೊಳಗೆ ಆಡಬೇಕಾದ ಒಂದು ಮಾತು ಆಡಲಾಗಲಿಲ್ಲ.

ಅದನ್ನು ಆಡಿದವನು ಕೀಬೋರ್ಡಿನವನು. ಬೀದಿಯಲ್ಲಿ ಗುಬ್ಬಿ ಸಿಕ್ಕಾಗ, "ಪಾಪ, ನಿನ್ನ ಜಾಗಕ್ಕೆ ಬೇರೆಯವಳು ಬರ್ತಾಳಂತೆ. ನಿಮ್ಮಣ್ಣನೇ ಬಂದು ಹೇಳಿ ಹೋದನಂತಲ್ಲ," ಎಂದು ಮರುಕಪಟ್ಟು, ಮರುಕದ ಜೊತೆಗೆ ಸೀಮೆಎಣ್ಣೆಯನ್ನೂ ಸುರಿದು ಹೋದ.

ಅವತ್ತು ಸಂಜೆಯ ಅಭ್ಯಾಸಕ್ಕೆ ಎಲ್ಲರೂ ಸೇರಿದ್ದರು. ಉಪ್ಪುಕಾಗದ ಹೆಡ್‌ಫೋನ್ ಹಾಕಿಕೊಂಡು ಮೈಕುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದ. ಮೆಟ್ಟಿಲು ದಡದಡ ಎಂದಿತು. ಗುಬ್ಬಿ ಒಳಗೆ ಬಂದಳು. ಯಾರ ಕಡೆಗೂ ನೋಡದೆ ನೇರ ನಡುವಿನ ಮೈಕಿನ ಮುಂದೆ ಹೋಗಿ ನಿಂತಳು, ಮೈಕು ಚಾಲೂ ಇತ್ತು.

"ನಾನು ಹಾಡಲ್ಲ ಅಂತ ನೀನು ಹೇಗೆ ಹೇಳ್ದೆ?"

ಹೆಡ್‌ಫೋನಿನಲ್ಲಿ ಅದು ಅವನ ಎರಡೂ ಕಿವಿಯ ಒಳಗೇ ಹೇಳಿದಂತೆ ಕೇಳಿಸಿತು. ದನಿಗಿಂತ ಮೊದಲು ಗಾಳಿ, ಆಮೇಲೆ ದನಿ. ಮೌನದ ದಿನಗಳಲ್ಲಿ ಊತ ಒಂಚೂರು ಇಳಿದಿತ್ತು. ಈಗ ಅದೇ ಅಂಚು ಮತ್ತೆ ಉಜ್ಜುತ್ತಿರುವುದು ಅವನಿಗೆ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ.

ಅದು ಬೆಂಕಿಗೆ ತುಪ್ಪವಾಯಿತು.

"ಸುಮ್ಮನಿರು, ಸುಮ್ಮನಿರು! ಇನ್ನೆಷ್ಟು ಸುಮ್ಮನಿರ್ಲಿ? ಖಾಕರಿಸ್ಬೇಡ, ಕೂಗ್ಬೇಡ, ಪಿಸುಗುಟ್ಬೇಡ. ಅಮ್ಮನ ಜೊತೆ ಮಾತಾಡ್ಬೇಡ! ಅಮ್ಮ ಈಗ ದಿನಾ ಗೋಡೆ ನೋಡ್ತಾ ಕೂತಿರ್ತಾಳೆ, ಗೊತ್ತಾ ನಿನಗೆ? ಒಂದೇ ಒಂದು ದಿನ ಸ್ಪೀಕರ್ ಪಕ್ಕ ಕೂತು ನನ್ನ ಹಾಡು ಕೇಳ್ಲಿ ಅಂತಿದ್ದೆ. ನಿಂದು ಕೇಳಿದ್ದಾಳಲ್ಲ! ನಿನಗೆ ಸಿಕ್ಕಿದ್ದು ನನಗೆ ಸಿಗಬಾರ್ದಾ?"

ಡ್ರಮ್ಮಿನವನು ನಗಲಿಲ್ಲ. ಕೀಬೋರ್ಡಿನವನು ಬೆರಳು ನೋಡಿಕೊಳ್ಳುತ್ತಿದ್ದ. ಯಜಮಾನ ಜೇಬಿನಿಂದ ಆ ಪುಟ್ಟ ಸ್ಪ್ರೇ ಬಾಟಲಿ ತೆಗೆದು, ಏನೂ ಹೇಳದೆ, ಅವಳ ಪಕ್ಕದ ಸ್ಪೀಕರಿನ ಮೇಲೆ ಇಟ್ಟ.

ಅದನ್ನು ಕಂಡದ್ದೇ ಉಪ್ಪುಕಾಗದ ಹೆಡ್‌ಫೋನ್ ಕಿತ್ತು ಕತ್ತಿಗಿಳಿಸಿ ಎದ್ದ. ಬಾಯಿಯ ತುಂಬ ಮಾತಿತ್ತು. ಯಜಮಾನನಿಗೆ ಒಂದು ಹಿಡಿ, ಕೀಬೋರ್ಡಿನವನಿಗೆ ಒಂದು ಹಿಡಿ. ತಂಗಿಗೆ ಹೇಳಬೇಕಾದದ್ದು ಒಂದು ಮೂಟೆ. ಮೆಟ್ಟಿಲ ಮೇಲೆ ಕೂತು ಕಥೆ ಮುಗಿಯುವವರೆಗೆ ಕಾದದ್ದು. ಅಮ್ಮನ ಕೈಯನ್ನು ಎದೆಗಿಟ್ಟುಕೊಂಡದ್ದು. ನಿನ್ನನ್ನು ಕೇಳದೆ ಹೇಳಿದ್ದು ತಪ್ಪು, ಹೌದು ಗುಬ್ಬಿ, ತಪ್ಪೇ. ಆದರೆ...

"ಏನು, ಉತ್ತರ ಕೊಡು!" ಅವಳು ಕಿರುಚಿದಳು. "ಯಾವಾಗ್ಲೂ ಕೊಡ್ತೀಯಲ್ಲ! ಯಜಮಾನ್ರು ಹೇಳಿದ್ದೇ ನಿಜ. ಒಡೆದ ಮಡಕೆ ನೀನು! ನಿನಗೆ ಹೊಟ್ಟೆಕಿ..."

'ಕಿಚ್ಚು' ಬರಲಿಲ್ಲ. ಗಾಳಿ ಬಂತು. ಸ್ಪೀಕರಿನಲ್ಲಿ ಆ ಗಾಳಿ ಕೋಣೆಯ ತುಂಬ ಹಾಯಿತು.

ಗುಬ್ಬಿ ಎಂಜಲು ನುಂಗಿದಳು, ಅವನೇ ಕಲಿಸಿದ ಹಾಗೆ, ಖಾಕರಿಸದೆ. ಮತ್ತೆ ಬಾಯಿ ತೆರೆದು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಒಂದು ಮಾತು ಆಡುವುದೇ ತಡ, ಅವಳು ಹತ್ತು ಆಡಲು ಕಾಯುತ್ತಿದ್ದಳು. ಅಂದು ಯಜಮಾನನಿಗೆ ಅವನು ಕೊಟ್ಟ ಉತ್ತರಕ್ಕೆ ದಂಡ ತೆತ್ತದ್ದು ಈ ಗಂಟಲು. ಇಂದು ಅವನ ಮಾತು ಎಷ್ಟೇ ಸತ್ಯವಿರಲಿ, ಎಷ್ಟೇ ಮೆತ್ತಗಿರಲಿ, ಅದಕ್ಕೆ ಪ್ರತಿಮಾತು ಏಳುವುದು ಆ ಎರಡು ಕೆಂಪು ಅಂಚುಗಳ ಮೇಲಿಂದಲೇ. ಎದುರಾಳಿಯೇ ಇಲ್ಲದಿದ್ದರೆ ಜಗಳವಿಲ್ಲ.

ಅವನು ಬಾಯಿ ಮುಚ್ಚಿದ. ಎಲ್ಲರೂ ನೋಡುತ್ತಿದ್ದರು. ಉತ್ತರವಿಲ್ಲದವನು ಒಪ್ಪಿಕೊಂಡವನು ಎಂದು ಅವರ ಕಣ್ಣುಗಳಲ್ಲಿ ಆಗಲೇ ತೀರ್ಪಾಗುತ್ತಿತ್ತು. ತಂಗಿಯ ಕಣ್ಣಿನಲ್ಲೂ.

ಹೆಡ್‌ಫೋನನ್ನು ಕತ್ತಿನಿಂದ ತೆಗೆದು ಬೋರ್ಡಿನ ಮೇಲೆ ಮೆಲ್ಲಗೆ ಇಟ್ಟ. ಡ್ರಮ್ಮಿನವನ ಪಕ್ಕದಿಂದ, ಯಜಮಾನನ ಮುಂದಿನಿಂದ ಹಾದು ಬಾಗಿಲಿಗೆ ಬಂದ.

"ಅಣ್ಣಾ!"

ಮುರಿದ ದನಿ. ಬಯ್ಯುವ ದನಿಯೋ ಕರೆಯುವ ದನಿಯೋ ತಿಳಿಯಲಿಲ್ಲ. ಅವನ ಕಾಲು ಒಂದು ಗಳಿಗೆ ನಿಂತಿತು. ತಿರುಗಿ ನೋಡಿದರೆ ಅವಳು ಇನ್ನೊಂದು ಮಾತಾಡುತ್ತಾಳೆ. ತಿರುಗಲಿಲ್ಲ. ಮೆಟ್ಟಿಲು ಇಳಿಯುತ್ತ ಕಿವಿಯೆಲ್ಲ ಹಿಂದಕ್ಕೇ ಇಟ್ಟಿದ್ದ. ಎರಡನೆಯ ಕರೆ ಬರಲಿಲ್ಲ. ಬಾಟಲಿಯನ್ನು ಎತ್ತಿದ ಸದ್ದೂ ಬರಲಿಲ್ಲ, ಬಂದಿದ್ದರೂ ಅಷ್ಟು ದೂರಕ್ಕೆ ಕೇಳುತ್ತಿರಲಿಲ್ಲ.

ಕೆಳಗೆ ಟೈರ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತ, "ಏನಪ್ಪಾ, ಮೇಲೆ ಭಾರೀ ಮಂಗಳಾರತಿ ಆಯ್ತಲ್ಲ, ಯಾರಿಗೆ?" ಎಂದು ಕೇಳಿದ.

ಅವನು ಅದಕ್ಕೂ ಉತ್ತರ ಕೊಡದೆ ನಡೆದುಹೋದ.